ಒಂದೇ ಗೋಪುರದ ಮೇಲೆ ಮೂರು ಆಂಟೆನಾಗಳು

ಕರಾವಳಿಯ ಊರೊಂದರಿಂದ ಸೋದರಿಯೊಬ್ಬರು ಬರೆದಿರುವ ಕಾಗದವು ಈ ತಿಂಗಳು ನನ್ನ ಕೈಸೇರಿದೆ. ಅವರ ಮಗನು ಇಂಜಿನಿಯರಿಂಗ್ ಓದುತ್ತಿರುವನು. ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಹವ್ಯಾಸಿ ರೇಡಿಯೋ ಪರವಾನಗಿಯನ್ನು ಪಡೆದಿರುವನು. ಇಂಥವರನ್ನು ‘ಹ್ಯಾಮ್’ಗಳೆಂದು ಕರೆಯುವುದು ವಾಡಿಕೆ. ಇದುವರೆಗೆ ತಾರಸಿಯ ಮೇಲೆ ಒಂದು ತಂತಿಯನ್ನು ಕಟ್ಟಿಕೊಂಡು ತೃಪ್ತನಾಗಿದ್ದವನು, ಈಗ ಹಿತ್ತಿಲಿನಲ್ಲಿ 12 ಮೀಟರ್ ಎತ್ತರದ ಉಕ್ಕಿನ ಗೋಪುರವನ್ನು ನಿಲ್ಲಿಸಿ, ಅದರ ಮೇಲೆ ಮೂರು ಆಂಟೆನಾಗಳನ್ನು ಏರಿಸಬೇಕೆಂದು ಹಟ ಹಿಡಿದಿದ್ದಾನಂತೆ. ತಂದೆಯವರು “ಒಂದು ಸಾಲದೇ?” ಎನ್ನುತ್ತಾರೆ. ನೆರೆಮನೆಯವರು “ಸಿಡಿಲನ್ನು ಕರೆದು ತರುವ ಕೆಲಸ” ಎನ್ನುತ್ತಾರೆ. ತಾಯಿಗೆ ಮಗನು ಮೇಲಿನಿಂದ ಬಿದ್ದಾನೆಂಬ ಭಯ. “ಯಾರಿಗೂ ಮನಸ್ಸು ನೋಯದಂತೆ ಉತ್ತರವನ್ನು ಬರೆಯಿರಿ” ಎಂದು ಅವರು ಕೇಳಿಕೊಂಡಿರುವರು. ಮನಸ್ಸು ನೋಯದಂತೆ ಬರೆಯುವ ಭರವಸೆಯನ್ನು ಕೊಡಲಾರೆ. ವಿಷಯವನ್ನು ಬಿಡಿಸಿ ಹೇಳುವೆನು.

ಮೊದಲು ಹೆಸರಿನ ಮಾತು. ಆಂಟೆನಾ ಎಂಬುದು ಲ್ಯಾಟಿನ್ ಶಬ್ದ. ಹಡಗಿನ ಹಾಯಿಯನ್ನು ಕಟ್ಟುವ ಅಡ್ಡಮರಕ್ಕೆ ಆ ಭಾಷೆಯಲ್ಲಿ ಇದ್ದ ಹೆಸರು ಅದು. ಸಂಸ್ಕೃತಾಭಿಮಾನಿಗಳಾದ ನನ್ನ ಮಿತ್ರರೊಬ್ಬರು ಇದಕ್ಕೆ ‘ತರಂಗಗ್ರಾಹಿ’ ಎಂದು ಹೆಸರಿಡಬೇಕೆನ್ನುವರು. ಆದರೆ ಇದು ಅಲೆಗಳನ್ನು ಗ್ರಹಿಸುವುದು ಮಾತ್ರವಲ್ಲ, ದಾನವನ್ನೂ ಮಾಡತಕ್ಕದ್ದು. ಅರ್ಧ ಅರ್ಥವನ್ನು ಮಾತ್ರ ಹೇಳುವ ಹೊಸ ಪದಕ್ಕಿಂತ ಜನರ ನಾಲಗೆಯಲ್ಲಿ ಈಗಾಗಲೇ ನೆಲೆಸಿರುವ ಪದವೇ ಲೇಸು.

ತಾರಸಿಯ ಮೇಲೆ ಅಡ್ಡಲಾಗಿ ಕಟ್ಟಿದ ಸಾಧಾರಣ ತಂತಿಯು ತನ್ನ ಎರಡು ಮಗ್ಗುಲಿಗೂ ಸಮನಾಗಿ ಅಲೆಗಳನ್ನು ಕಳುಹಿಸುವುದು. ಹೊಸ್ತಿಲಿನ ಮೇಲಿಟ್ಟ ದೀಪವು ಒಳಗನ್ನೂ ಹೊರಗನ್ನೂ ಬೆಳಗುವುದನ್ನು ನಮ್ಮ ಶಾಸ್ತ್ರಕಾರರು ದೇಹಲೀದೀಪ ನ್ಯಾಯವೆಂದು ಕರೆದಿರುವರಷ್ಟೆ; ಇದೂ ಹಾಗೆಯೇ. ಹೊರಗೆ ಮಾತ್ರ ಬೆಳಕು ಬೇಕಾದರೆ ದೀಪದ ಹಿಂದೆ ಒಂದು ತಗಡನ್ನು ನಿಲ್ಲಿಸಬೇಕು. ಅದರಂತೆ ಈ ತಂತಿಗೆ ಬದಲಾಗಿ ಒಂದು ಲೋಹದ ಕೊಳವೆಯನ್ನಿಟ್ಟು, ಅದರ ಹಿಂದೆ ಸ್ವಲ್ಪ ಉದ್ದವಾದ ಇನ್ನೊಂದು ಕೊಳವೆಯನ್ನೂ, ಮುಂದೆ ಸ್ವಲ್ಪ ಗಿಡ್ಡವಾದ ಮತ್ತೊಂದನ್ನೂ ಒಂದೇ ನಡುದಂಡಕ್ಕೆ ಜೋಡಿಸಿದರೆ, ಅಲೆಯ ಬಹುಭಾಗವು ಒಂದೇ ಕಡೆಗೆ ಹರಿಯುವುದು. ಹೀಗೆ ಮೂರು ಅಡ್ಡಕಡ್ಡಿಗಳಿರುವ ಆಂಟೆನಾ ಒಂಟಿ ತಂತಿಗಿಂತ ತನ್ನ ಮುಖದ ದಿಕ್ಕಿನಲ್ಲಿ ಸುಮಾರು ಮೂರು ಪಟ್ಟು ಬಲವನ್ನು ತೋರುವುದು. ಯಂತ್ರದ ಶಕ್ತಿಯನ್ನು ಹೆಚ್ಚಿಸದೆ ದೊರೆಯುವ ಲಾಭವಾದುದರಿಂದ ಹುಡುಗರು ಇದಕ್ಕೆ ಮರುಳಾಗುವುದರಲ್ಲಿ ಆಶ್ಚರ್ಯವಿಲ್ಲ.

ಈ ಆಂಟೆನಾ ನಮ್ಮ ಮನೆಗಳಿಗೆ ಅಪರಿಚಿತವೇನಲ್ಲ. 1987 ಮತ್ತು 1988 ರ ಭಾನುವಾರಗಳಲ್ಲಿ ರಾಮಾಯಣ ಧಾರಾವಾಹಿಯು ಬರುತ್ತಿದ್ದಾಗ, ಮನೆಗೊಬ್ಬನು ಮಾಡಿನ ಮೇಲೆ ನಿಂತು ಕಂಬವನ್ನು ತಿರುಗಿಸುವುದೂ, “ಬಂತೇ?” ಎಂದು ಕೂಗುವುದೂ, ಕೆಳಗಿನಿಂದ “ಹೋಯ್ತು, ಸ್ವಲ್ಪ ಹಿಂದಕ್ಕೆ!” ಎಂಬ ಉತ್ತರವು ಬರುವುದೂ ಊರೂರಿನಲ್ಲಿ ನಡೆಯುತ್ತಿತ್ತು. ಆ ಮೀನಿನ ಮುಳ್ಳಿನಂಥ ಸಾಧನವೇ ಇದು. ಇದರ ಮೂಲಪ್ರಯೋಗಗಳು 1926 ರ ಸುಮಾರಿಗೆ ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ನಡೆದವು. ಪ್ರಯೋಗಗಳಲ್ಲಿ ಹೆಚ್ಚಾಗಿ ದುಡಿದವರು ಷಿಂತಾರೊ ಉಡ. ಅವರ ಹಿರಿಯರು ಹಿಡೆತ್ಸುಗು ಯಾಗಿ. 1928 ರಲ್ಲಿ ಹಿರಿಯರು ಇಂಗ್ಲಿಷಿನಲ್ಲಿ ಲೇಖನವನ್ನು ಪ್ರಕಟಿಸಿದರು. ಉಡ ಅವರ ಕೆಲಸವನ್ನು ಅದರಲ್ಲಿ ಸ್ಮರಿಸಿಯೇ ಇದ್ದರು. ಆದರೂ ಲೋಕವು ‘ಯಾಗಿ’ ಎಂಬ ಹೆಸರನ್ನು ಮಾತ್ರ ಹಿಡಿದುಕೊಂಡಿತು. ಪಾಠ ಹೇಳಿ ಜೀವನವನ್ನು ಕಳೆದವನಿಗೆ ಇದು ಸರಿಕಾಣುವುದಿಲ್ಲ. ‘ಯಾಗಿ–ಉಡ ಆಂಟೆನಾ’ ಎಂದು ಎರಡು ಹೆಸರನ್ನೂ ಕೂಡಿಸಿ ಹೇಳುವುದು ನ್ಯಾಯ.

ಇನ್ನು ತಂದೆಯವರ ಪ್ರಶ್ನೆ: ಒಂದು ಸಾಲದೇ? ಅಡ್ಡಕಡ್ಡಿಯ ಉದ್ದವು ಅಲೆಯ ಉದ್ದದ ಅರ್ಧದಷ್ಟಿರಬೇಕು. ಅಲೆಯ ಉದ್ದವನ್ನು ಕಂಡುಹಿಡಿಯುವ ಲೆಕ್ಕ ಸುಲಭ. 300 ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಮೀಟರುಗಳು ಬರುವುವು. ಹುಡುಗನು ಕೇಳುತ್ತಿರುವುದು 14, 21 ಮತ್ತು 144 ಮೆಗಾಹರ್ಟ್ಸ್ ಅಲೆಗಳ ಮೂರು ಆಂಟೆನಾಗಳನ್ನು. ಮೊದಲನೆಯದರ ಅಡ್ಡಕಡ್ಡಿಗಳು ಹತ್ತು ಹನ್ನೊಂದು ಮೀಟರ್ ಉದ್ದ, ಎರಡನೆಯದರವು ಏಳು ಮೀಟರ್, ಮೂರನೆಯದರವು ಒಂದೇ ಮೀಟರ್. ಸೊಲಿಗೆಯಿಂದ ಕೊಳಗದ ಕೆಲಸವನ್ನು ಮಾಡಿಸಲಾಗದಂತೆ ಒಂದರಿಂದ ಇನ್ನೊಂದರ ಕೆಲಸವು ಚೆನ್ನಾಗಿ ಆಗುವುದಿಲ್ಲ. ಮೊದಲಿನ ಎರಡು ಅಲೆಗಳು ಆಕಾಶದ ಮೇಲ್ಪದರದಿಂದ ಮರಳಿ ಬಾಗಿ ದೂರದ ಖಂಡಗಳಿಗೆ ಹೋಗತಕ್ಕವು; ಆದರೆ ಹೊತ್ತಿಗೂ ಋತುವಿಗೂ ತಕ್ಕಂತೆ ಒಮ್ಮೆ ಒಂದು ಒದಗಿದರೆ, ಇನ್ನೊಮ್ಮೆ ಇನ್ನೊಂದು. ಮೂರನೆಯದು ಬಹುಮಟ್ಟಿಗೆ ಸುತ್ತಮುತ್ತಲಿನ ಊರುಗಳೊಡನೆ ಮಾತನಾಡುವುದಕ್ಕೆ. ಆದುದರಿಂದ ಮೂರನ್ನು ಕೇಳುವುದು ದುರಾಶೆಯೆಂದು ಹೇಳಲು ಬಾರದು.

ಒಂದು ಗೋಪುರದಲ್ಲಿ ಹಲವು ಮುಖಗಳಿರುವುದಕ್ಕೆ ದೃಷ್ಟಾಂತವು ಪ್ರತಿಯೊಂದು ಬೀದಿಯಲ್ಲಿಯೂ ಉಂಟು. ಮೊಬೈಲ್ ಗೋಪುರದ ತುದಿಯಲ್ಲಿ ಬಾಗಿಲಿನ ಹಲಗೆಯಂತೆ ಉದ್ದವಾಗಿ ನಿಂತಿರುವ ಬಿಳಿಯ ಪೆಟ್ಟಿಗೆಗಳನ್ನು ನೋಡಿರಿ. ಸಾಮಾನ್ಯವಾಗಿ ಅವು ಮೂರು ಮುಖಗಳಾಗಿ ಹಂಚಿರುವುವು. ಒಂದೊಂದು ಮುಖವು ವೃತ್ತದ ಮೂರನೆಯ ಒಂದು ಪಾಲನ್ನು, ಎಂದರೆ 120 ಅಂಶಗಳನ್ನು, ನೋಡಿಕೊಳ್ಳುವುದು. ಒಂದು ಹಲಗೆಯ ಒಳಗೆ ಹಲವು ಚಿಕ್ಕ ಆಂಟೆನಾಗಳು ಒಂದರ ಮೇಲೊಂದು ಕುಳಿತಿರುವುವು. ಹಾಗೆ ಮೇಲೆ ಮೇಲೆ ಜೋಡಿಸಿದುದರಿಂದ ಅಲೆಯು ಆಕಾಶಕ್ಕೆ ಹೋಗಿ ವ್ಯರ್ಥವಾಗದೆ ನೆಲದ ಮಟ್ಟದಲ್ಲಿ ಚಪ್ಪಟೆಯಾಗಿ ಹರಡುವುದು. ನಗಾರಿಯಂತೆ ದುಂಡಗಿರುವ ಬೇರೆ ಆಂಟೆನಾಗಳು ಒಂದು ಗೋಪುರದಿಂದ ಇನ್ನೊಂದಕ್ಕೆ ನೇರವಾಗಿ ಸುದ್ದಿಯನ್ನು ಸಾಗಿಸತಕ್ಕವು.

ಹುಡುಗನ ಗೋಪುರದಲ್ಲಿ ಮೂರು ಮುಖಗಳು ಬೇಡ. ಮೂರೂ ಒಂದೇ ಕಂಬದಲ್ಲಿದ್ದು, ಒಂದು ಮೋಟಾರು ಆ ಕಂಬವನ್ನು ಬೇಕಾದ ಕಡೆಗೆ ತಿರುಗಿಸಿದರೆ ಸಾಕು. ಯಾವ ಕಡೆಗೆ ತಿರುಗಿಸಬೇಕೆಂಬ ವಿಷಯದಲ್ಲಿ ಒಂದು ವಿನೋದವಿದೆ. ಗೋಡೆಯ ಭೂಪಟವನ್ನು ನೋಡಿದವರು ಅಮೆರಿಕವು ಪಶ್ಚಿಮಕ್ಕೆ ಇದೆ ಎನ್ನುವರು. ಮನೆಯಲ್ಲಿ ಭೂಗೋಲವಿದ್ದರೆ ಬೆಂಗಳೂರಿನಿಂದ ನ್ಯೂಯಾರ್ಕಿಗೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿರಿ. ದಾರವು ಪಶ್ಚಿಮವನ್ನು ಬಿಟ್ಟು, ಉತ್ತರದಿಂದ ಸುಮಾರು 25 ಅಂಶಗಳಷ್ಟು ಮಾತ್ರ ಎಡಕ್ಕೆ ವಾಲಿ ಹೊರಡುವುದು. ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಎಳೆದರೆ ಅದೇ ಉತ್ತರದಿಂದ ಸುಮಾರು 20 ಅಂಶ ಬಲಕ್ಕೆ! ಲಂಡನ್ನಿಗೆ ವಾಯವ್ಯ, ಟೋಕಿಯೋವಿಗೆ ಈಶಾನ್ಯ, ಸಿಡ್ನಿಗೆ ಆಗ್ನೇಯ. ಈ ದಾರದ ಆಟವನ್ನು ತರಗತಿಯಲ್ಲಿ ಆಡಿಸಿದಾಗ ಮಕ್ಕಳ ಕಣ್ಣುಗಳು ಅರಳಿದಂತೆ ಬೇರೆ ಯಾವ ಭೂಗೋಳದ ಪಾಠದಲ್ಲಿಯೂ ಅರಳಿದುದನ್ನು ನಾನು ಕಾಣೆ.

ಒಂದೇ ಕಂಬದಲ್ಲಿ ಹಲವರು ಇರಬೇಕಾದಾಗ ಜಗಳವೂ ಸಹಜ. ಒಂದೇ ಶ್ರುತಿಗೆ ಕೂಡಿಸಿದ ಎರಡು ತಂಬೂರಿಗಳನ್ನು ಹತ್ತಿರದಲ್ಲಿಟ್ಟು ಒಂದನ್ನು ಮೀಟಿದರೆ ಇನ್ನೊಂದು ತಾನಾಗಿ ಮಿಡಿಯುವುದು. ಆಂಟೆನಾಗಳೂ ಹೀಗೆಯೇ. ತನ್ನ ಶ್ರುತಿಗೆ ಹೊಂದುವ ಲೋಹವು ಹತ್ತಿರದಲ್ಲಿದ್ದರೆ ಅಲೆಯ ಒಂದಂಶವು ಅಲ್ಲಿಗೆ ಸೇರಿ, ಅಲ್ಲಿಂದ ಬೇಡದ ಕಡೆಗೆ ಚೆಲ್ಲುವುದು. ಬೇರೆ ಬೇರೆ ಶ್ರುತಿಯವಾದರೆ ತೊಂದರೆ ಕಡಿಮೆ. 14 ಮತ್ತು 21 ರ ನಡುವೆ ಎರಡು ಮೂರು ಮೀಟರುಗಳ ಅಂತರವಿದ್ದರೆ ಸಾಮಾನ್ಯವಾಗಿ ಸಂಸಾರವು ನಡೆಯುವುದು. ಆದರೆ ಕಾಗದದ ಕೊನೆಯಲ್ಲಿ, ಮುಂದೆ 7 ಮೆಗಾಹರ್ಟ್ಸಿನದನ್ನೂ ಸೇರಿಸುವ ಆಸೆ ಮಗನಿಗೆ ಇದೆಯೆಂದು ತಾಯಿಯವರು ಬರೆದಿರುವರು. ಇಲ್ಲಿ ಎಚ್ಚರ ಬೇಕು. ಏಳರ ಮೂರು ಪಟ್ಟು ಇಪ್ಪತ್ತೊಂದು. 7 ಕ್ಕೆ ಅಳೆದ ಕಡ್ಡಿಯು 21 ಕ್ಕೂ ಮಿಡಿಯುವುದು. ಇವೆರಡನ್ನು ಒಂದೇ ಮುಖವಾಗಿ ಹತ್ತಿರದಲ್ಲಿ ಕಟ್ಟಿದರೆ 21 ರ ಆಂಟೆನಾ ದಾರಿ ತಪ್ಪುವುದು. ಇದಕ್ಕೆ ಬಲ್ಲವರು ಮಾಡುವ ಉಪಾಯವೇನೆಂದರೆ, ಒಂದರ ಕಡ್ಡಿಗಳು ಪೂರ್ವ–ಪಶ್ಚಿಮವಾಗಿದ್ದರೆ ಇನ್ನೊಂದರವು ಉತ್ತರ–ದಕ್ಷಿಣವಾಗಿರುವಂತೆ ಕತ್ತರಿಯಾಗಿ ಕಟ್ಟುವುದು. ಲಂಬವಾಗಿ ನಿಂತ ಕಡ್ಡಿಗಳು ಒಂದರ ಮಿಡಿತವನ್ನು ಇನ್ನೊಂದು ಬಹಳಮಟ್ಟಿಗೆ ಅರಿಯವು.

ಒಂದೇ ಅಲೆಯ ಎರಡು ಆಂಟೆನಾಗಳನ್ನು ಮೇಲೆ ಕೆಳಗೆ ಕಟ್ಟಿ ಜೊತೆಯಾಗಿ ದುಡಿಸುವ ಕ್ರಮವೂ ಉಂಟು. ಅದರ ಲಾಭವು ಹೆಚ್ಚೆಂದರೆ ಇಮ್ಮಡಿ. ಅನುಭವದಲ್ಲಿ ಅದಕ್ಕೂ ಸ್ವಲ್ಪ ಕಡಿಮೆ. ಆದರೆ ಅವುಗಳ ನಡುವೆ ಅರ್ಧ ಅಲೆಯಿಂದ ಒಂದು ಅಲೆಯವರೆಗೆ ಅಂತರ ಬೇಕಾಗುವುದರಿಂದ, 14 ರ ಜೋಡಿಗೆ 10 ಮೀಟರಿಗೂ ಮಿಗಿಲಾದ ಎಡೆ ಬೇಕು. ಹನ್ನೆರಡು ಮೀಟರ್ ಗೋಪುರದಲ್ಲಿ ಅದನ್ನು ಮಾಡಿದರೆ ಕೆಳಗಿನದು ಬಾವಿಯ ಹಗ್ಗಕ್ಕೆ ಸಿಕ್ಕೀತು. ಅಂಥ ಆಸೆಯೇನಾದರೂ ಇದ್ದರೆ 144 ರಲ್ಲಿ ತೀರಿಸಿಕೊಳ್ಳಲಿ. ಅಲ್ಲಿ ಎರಡು ಮೀಟರಿನ ಅಂತರದಲ್ಲಿ ಕೆಲಸ ಮುಗಿಯುವುದು.

ಇನ್ನು ಮುಖ್ಯವಾದ ವಿಷಯ. ಗೋಪುರವನ್ನು ಕಟ್ಟಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, “ಮೂರರ ತೂಕವೆಷ್ಟು?” ಎಂಬುದು. ತೂಕವು ಇಲ್ಲಿ ಅಲ್ಪ ವಿಷಯ; ಟೊಳ್ಳು ಅಲ್ಯೂಮಿನಿಯಂ ಕೊಳವೆಗಳ ಭಾರವನ್ನು ಯಾವ ಗೋಪುರವಾದರೂ ಹೊತ್ತೀತು. ಕೇಳತಕ್ಕದ್ದು, ಗಾಳಿಗೆ ಅವು ಒಡ್ಡುವ ಮೈ ಎಷ್ಟು ಎಂದು. ಭಾರತೀಯ ಮಾನಕ 875 ರ ಮೂರನೆಯ ಭಾಗದಲ್ಲಿ, ಸುಮಾರು ಐವತ್ತು ವರ್ಷಗಳಿಗೆ ಒಮ್ಮೆ ಬರಬಹುದಾದ ಗಾಳಿಯ ವೇಗವನ್ನು ಊರೂರಿಗೆ ಕೊಟ್ಟಿದ್ದಾರೆ. ಬೆಂಗಳೂರಿಗೆ ಅದು ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಚೆನ್ನೈಗೆ 50. ಅಂಕಿಗಳಲ್ಲಿ ಬಹಳ ಅಂತರವಿಲ್ಲವೆಂದು ತೋರಬಹುದು. ಆದರೆ ಗಾಳಿಯ ಒತ್ತಡವು ವೇಗದ ವರ್ಗದಂತೆ ಬೆಳೆಯತಕ್ಕದ್ದು. ವೇಗ ಎರಡಾದರೆ ಒತ್ತಡ ನಾಲ್ಕು. ಲೆಕ್ಕಹಾಕಿದರೆ ಒಂದು ಚದರ ಮೀಟರ್ ಮೈಯ ಮೇಲೆ ಬೆಂಗಳೂರಿನಲ್ಲಿ ಸುಮಾರು 67 ಕಿಲೋಗ್ರಾಂ ಭಾರದಷ್ಟು, ಮಂಗಳೂರಿನಲ್ಲಿ 93, ಚೆನ್ನೈಯಲ್ಲಿ 153 ಕಿಲೋಗ್ರಾಂ ಭಾರದಷ್ಟು ಒತ್ತಡವು ಬೀಳುವುದು. ಮೂರು ಆಂಟೆನಾಗಳ ಮೈ ಒಟ್ಟಿಗೆ ಒಂದು ಚದರ ಮೀಟರ್ ಎಂದು ಇಟ್ಟುಕೊಂಡರೆ, ಕರಾವಳಿಯ ಬಿರುಗಾಳಿಯ ದಿನ ಪುಷ್ಟನಾದ ಒಬ್ಬ ಮನುಷ್ಯನು ಗೋಪುರದ ತುದಿಗೆ ಹಗ್ಗ ಕಟ್ಟಿ ತನ್ನ ಮೈಭಾರವನ್ನೆಲ್ಲ ಬಿಟ್ಟು ಅಡ್ಡಲಾಗಿ ಜಗ್ಗಿದಂತೆ ಆಯಿತು. ಹನ್ನೆರಡು ಮೀಟರಿನ ಸನ್ನೆಕೋಲಿನ ತುದಿಯಲ್ಲಿ ಆ ಜಗ್ಗಾಟವು ಬುಡವನ್ನು ಹೇಗೆ ಮೀಟೀತೆಂಬುದನ್ನು ವಾಚಕರೇ ಊಹಿಸಬಹುದು. ಗೋಪುರದ ಸ್ವಂತ ಮೈಗೆ ಬೀಳುವ ಗಾಳಿ ಇದರಲ್ಲಿ ಸೇರಿಲ್ಲ.

ಇದರಿಂದಲೇ ಏರಿಸುವ ಕ್ರಮವೂ ನಿರ್ಣಯವಾಗುವುದು. ನಮ್ಮ ರಥಗಳು ಬುಡದಲ್ಲಿ ಅಗಲವಾಗಿ ಮೇಲೆ ಹೋದಂತೆ ಕಿರಿದಾಗುವುವಲ್ಲವೇ? ಹಾಗೆಯೇ ದೊಡ್ಡದಾದ 14 ರ ಆಂಟೆನಾ ಗೋಪುರದ ತಲೆಗೆ ಒತ್ತಿಕೊಂಡು ಅರ್ಧ ಮೀಟರ್ ಎತ್ತರದಲ್ಲಿ ಇರತಕ್ಕದ್ದು. ಅದರ ಮೇಲೆ 21 ರದು. ತುತ್ತತುದಿಯಲ್ಲಿ, ನಾಲ್ಕು ಮೀಟರಿನ ಬಳಿ, ಕಿರಿಯದಾದ 144 ರದು. ಕ್ರಮವನ್ನು ತಲೆಕೆಳಗು ಮಾಡಿ ದೊಡ್ಡದನ್ನು ತುದಿಗೆ ಕಟ್ಟಿದರೆ, ಅದೇ ಗಾಳಿಯು ಕಂಬವನ್ನು ಎಂಟು ಪಟ್ಟು ಹೆಚ್ಚಾಗಿ ಬಾಗಿಸಲು ನೋಡುವುದು. ನೀರಿನ ಕೊಳವೆಯನ್ನು ತಂದು ಕಂಬವಾಗಿ ನಿಲ್ಲಿಸುವ ಮಿತವ್ಯಯವನ್ನು ನಾನು ಹಲವು ತಾರಸಿಗಳ ಮೇಲೆ ಕಂಡಿದ್ದೇನೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವು ವೃದ್ಧರ ಬೆನ್ನಿನಂತೆ ಬಾಗಿರುವುವು. ದಪ್ಪ ಗೋಡೆಯ ಉಕ್ಕಿನ ಕೊಳವೆಯೇ ಆಗಬೇಕು. ಸಮುದ್ರದ ಉಪ್ಪುಗಾಳಿ ಬೀಸುವ ಊರಾದುದರಿಂದ ಗೋಪುರಕ್ಕೆ ಸತುವಿನ ಲೇಪವೂ, ತುಕ್ಕು ಹಿಡಿಯದ ಉಕ್ಕಿನ ಬೋಲ್ಟುಗಳೂ ಅವಶ್ಯ. ಬೀದಿಯ ವೆಲ್ಡಿಂಗ್ ಅಂಗಡಿಯವರು ಕಿಟಕಿಯ ಸರಳುಗಳನ್ನು ಚೆನ್ನಾಗಿ ಮಾಡಬಲ್ಲರು. ಗೋಪುರದ ಲೆಕ್ಕವನ್ನು ಮಾತ್ರ ಕಟ್ಟಡದ ಇಂಜಿನಿಯರರೊಬ್ಬರಿಂದ ಬರೆಯಿಸಿ ರುಜು ಹಾಕಿಸಿಕೊಳ್ಳಿ. ಅದಕ್ಕೆ ತಗಲುವ ಹಣವನ್ನು ಮೂರನೆಯ ಆಂಟೆನಾದ ಹಣದಿಂದ ಕಳೆಯಬೇಕಾದರೂ ಚಿಂತೆಯಿಲ್ಲ.

ಗೋಪುರವನ್ನು ಮೂರು ಕಡೆಗೆ ಸ್ಟೇ ತಂತಿಗಳಿಂದ ಎಳೆದು ಕಟ್ಟುವುದಾದರೆ, ಅವುಗಳ ಬುಡಗಳು ಎಂಟು ಒಂಬತ್ತು ಮೀಟರ್ ದೂರದಲ್ಲಿ ಕಾಂಕ್ರೀಟಿನಲ್ಲಿ ಹುಗಿದಿರಬೇಕು. ತೆಂಗಿನ ಮರಕ್ಕೆ ಕಟ್ಟಬಾರದು. ಗಾಳಿಗೆ ಮರವೂ ತೂಗುವುದು, ಗೋಪುರವನ್ನೂ ತೂಗಿಸುವುದು. ಆ ತಂತಿಗಳು ಸಹ ಲೋಹವಾದುದರಿಂದ, ನಡುನಡುವೆ ಪಿಂಗಾಣಿಯ ತುಂಡುಗಳನ್ನು ಹಾಕಿ ಕತ್ತರಿಸದಿದ್ದರೆ ಅವೂ ಶ್ರುತಿಗೆ ಸೇರಿ ಮಿಡಿಯುವುವು. ಮತ್ತೊಂದು ಮಾತು: 14 ರ ಆಂಟೆನಾ ಸುತ್ತುವಾಗ ಸುಮಾರು ಆರು ಮೀಟರ್ ತ್ರಿಜ್ಯದ ವೃತ್ತವನ್ನು ಬರೆಯುವುದು. ಆ ವೃತ್ತವು ತಮ್ಮ ಹಿತ್ತಿಲಿನೊಳಗೇ ಇರುವುದೇ, ನೆರೆಯವರ ಬೇಲಿಯ ಮೇಲೆ ಹಾಯುವುದೇ ಎಂಬುದನ್ನು ನೆಲದ ಮೇಲೆ ಹಗ್ಗದಿಂದ ಅಳೆದು ನೋಡಿರಿ. ವಿಮಾನ ನಿಲ್ದಾಣವು ಹತ್ತಿರದಲ್ಲಿದ್ದರೆ ಎತ್ತರಕ್ಕೆ ಅನುಮತಿ ಬೇಕು. ಊರಿನ ಆಡಳಿತದವರನ್ನಂತೂ ಕೇಳಿಯೇ ಕೆಲಸವನ್ನು ಹಿಡಿಯತಕ್ಕದ್ದು.

ನೆರೆಯವರ ಸಿಡಿಲಿನ ಮಾತಿಗೆ ಬರೋಣ. ಎತ್ತರದ ವಸ್ತುವಿಗೆ ಸಿಡಿಲು ಬಡಿಯುವ ಸಂಭವ ಹೆಚ್ಚೆಂಬುದು ನಿಜ. ಆದರೆ ಸುತ್ತಲೂ ಅದಕ್ಕಿಂತ ಎತ್ತರದ ತೆಂಗಿನ ಮರಗಳಿರುವ ಕರಾವಳಿಯಲ್ಲಿ ಗೋಪುರವೊಂದನ್ನೇ ಅಪರಾಧಿಯೆನ್ನುವುದು ತರವಲ್ಲ. ಮಾಡಬೇಕಾದುದು ಇಷ್ಟು: ಗೋಪುರದ ಬುಡವನ್ನು ದಪ್ಪ ತಾಮ್ರದಿಂದ ಭೂಮಿಗೆ ಜೋಡಿಸಬೇಕು; ಪ್ರತಿಯೊಂದು ಆಂಟೆನಾದ ಕೇಬಲ್ಲಿನ ಹೊರಹೆಣಿಗೆಯನ್ನೂ ಮನೆಯೊಳಗೆ ಬರುವ ಮೊದಲೇ ಭೂಮಿಗೆ ಕಟ್ಟಬೇಕು; ಗೋಪುರದ ಅರ್ತಿಂಗನ್ನೂ ಮನೆಯ ವಿದ್ಯುತ್ತಿನ ಅರ್ತಿಂಗನ್ನೂ ಬೇರೆಯಾಗಿ ಬಿಡದೆ ಒಂದಕ್ಕೊಂದು ಸೇರಿಸಬೇಕು. ಈ ಕೊನೆಯದನ್ನು ಹಲವರು ಬಿಟ್ಟುಬಿಡುವರು. ಆಗ ಸಿಡಿಲಿನ ಹೊತ್ತಿನಲ್ಲಿ ಎರಡು ಭೂಮಿಗಳ ನಡುವೆ ಉಂಟಾಗುವ ವ್ಯತ್ಯಾಸವೆಲ್ಲ ರೇಡಿಯೋ ಪೆಟ್ಟಿಗೆಯ ಮೂಲಕವೇ ಹರಿಯುವುದು. ಏಪ್ರಿಲ್, ಮೇ ಮತ್ತು ಅಕ್ಟೋಬರ್ ತಿಂಗಳುಗಳ ಸಂಜೆಯಲ್ಲಿ ಮೋಡ ಕವಿದರೆ, ಗುಡುಗನ್ನು ಕಾಯದೆ ಮೂರು ಕೇಬಲ್ಲುಗಳನ್ನೂ ಪೆಟ್ಟಿಗೆಯಿಂದ ಕಳಚಿ ಹೊರಗಿಡುವುದು ರೂಢಿಯಾಗಬೇಕು.

ಸಿಡಿಲಿಗಿಂತಲೂ ನನಗೆ ಹೆಚ್ಚು ಭಯವಿರುವುದು ಬೀದಿಯ ವಿದ್ಯುತ್ ತಂತಿಯದು. ಕಂಬವನ್ನು ಎತ್ತಿ ನಿಲ್ಲಿಸುವಾಗ ಅದು ಕೈಮೀರಿ ವಾಲಿ ತಂತಿಗೆ ತಗಲಿದರೆ, ಹಿಡಿದಿದ್ದವರೆಲ್ಲರೂ ಒಂದೇ ಕ್ಷಣದಲ್ಲಿ ಹೋಗುವರು. ಗೋಪುರವು ಯಾವ ದಿಕ್ಕಿಗೆ ಬಿದ್ದರೂ ಅದರ ಯಾವ ಅಂಗವೂ ವಿದ್ಯುತ್ ತಂತಿಯನ್ನು ಮುಟ್ಟಬಾರದು. ಗೋಪುರ 12, ಮೇಲಿನ ಕಂಬ 4, ಆಂಟೆನಾದ ತೋಳು ಐದೂವರೆ; ಎಲ್ಲವನ್ನೂ ಕೂಡಿಸಿ ಸುಮಾರು 22 ಮೀಟರ್ ದೂರ. ಹಿತ್ತಿಲಿನಲ್ಲಿ ಅಷ್ಟು ಎಡೆಯಿಲ್ಲದಿದ್ದರೆ ಗೋಪುರವನ್ನು ಗಿಡ್ಡ ಮಾಡಬೇಕು, ಇಲ್ಲವೇ ಬಿಟ್ಟುಬಿಡಬೇಕು. ಮಗನು ಎಷ್ಟು ವಾದಿಸಿದರೂ ತಾಯಿಯವರು ಈ ಒಂದು ವಿಷಯದಲ್ಲಿ ಮಣಿಯಬೇಡಿರಿ.

ಎಡೆಯು ಇರುವುದಾದರೆ ತಂದೆಯವರು ಒಪ್ಪಿಗೆ ಕೊಡಬೇಕೆಂದೇ ನನ್ನ ವಿನಂತಿ. ಈ ಹವ್ಯಾಸವನ್ನು ಹುಡುಗಾಟವೆಂದು ತಳ್ಳಬಾರದು. 2004 ನೆಯ ಡಿಸೆಂಬರ್ ತಿಂಗಳಿನಲ್ಲಿ ಶ್ರೀಮತಿ ಭಾರತೀ ಪ್ರಸಾದರ ನೇತೃತ್ವದಲ್ಲಿ ಹವ್ಯಾಸಿಗಳ ತಂಡವೊಂದು ಅಂಡಮಾನಿನ ಪೋರ್ಟ್ ಬ್ಲೇರಿಗೆ ಹೋಗಿತ್ತು. ದೂರದೂರದ ಹವ್ಯಾಸಿಗಳೊಡನೆ ಮಾತನಾಡುವುದು ಅವರ ಉದ್ದೇಶ. 26 ನೆಯ ತಾರೀಖು ಸುನಾಮಿಯು ಬಂದು ಎಂದಿನ ಸಂಪರ್ಕವೆಲ್ಲ ಕಡಿದುಹೋದಾಗ, ಬಂಧುಗಳ ಕ್ಷೇಮವಾರ್ತೆಗಾಗಿ ಕಾತರಿಸುತ್ತಿದ್ದವರಿಗೆ ಭೂಭಾಗದ ಕಡೆಗೆ ಸುದ್ದಿಯನ್ನು ಮುಟ್ಟಿಸಿದುದು ಆ ತಂಡದ ರೇಡಿಯೋ.

ಕಡೆಯದಾಗಿ ಏರುವವರ ವಿಷಯ. ತಾಯಿಯವರ ಭಯವು ಇದೇ ಅಲ್ಲವೇ? ಮಗನನ್ನು ಏರಿಸುವ ಬದಲು ತೆಂಗಿನ ಕಾಯಿ ಕೀಳುವವನನ್ನು ಕೂಲಿಗೆ ಕರೆದು ಏರಿಸಬಹುದೆಂದು ಮನೆಯಲ್ಲಿ ಯಾರೋ ಸಲಹೆ ಕೊಟ್ಟಿರುವರಂತೆ. ಇದು ನನಗೆ ಸ್ವಲ್ಪವೂ ಹಿಡಿಸದು. ಆತನೂ ಒಬ್ಬ ತಾಯಿಯ ಮಗನು. ಮರದ ಅಭ್ಯಾಸವು ಬೇರೆ, ಹತ್ತು ಮೀಟರಿನ ಕಡ್ಡಿಗಳನ್ನು ಹಿಡಿದು ಗಾಳಿಯಲ್ಲಿ ಬೋಲ್ಟು ಬಿಗಿಯುವ ಅಭ್ಯಾಸವು ಬೇರೆ. ಗೋಪುರದ ಕೆಲಸದಲ್ಲಿ ಪಳಗಿದ ಹಿರಿಯ ಹವ್ಯಾಸಿಯೊಬ್ಬರನ್ನು ಮುಂದಿಟ್ಟುಕೊಂಡು, ಸೊಂಟಕ್ಕೂ ತೊಡೆಗೂ ಸೇರುವ ಸುರಕ್ಷಾ ಪಟ್ಟಿಯನ್ನು ಕಟ್ಟಿ, ಎರಡು ಕೊಕ್ಕೆಗಳಲ್ಲಿ ಒಂದಾದರೂ ಸದಾ ಗೋಪುರಕ್ಕೆ ಸಿಕ್ಕಿರುವಂತೆ ನೋಡಿಕೊಂಡು ಏರಬೇಕು. ಏರಿದವರು ಮೇಲಿರುವಾಗ ಕೆಳಗೆ ಯಾರೂ ನಿಲ್ಲಬಾರದು. ಮೋಟಾರಿನ ಮತ್ತು ರೇಡಿಯೋವಿನ ಸ್ವಿಚ್ಚಿನ ಬಳಿ ತಾಯಿಯವರೇ ಕುಳಿತಿದ್ದರೆ ಉತ್ತಮ. ಕಾಂಕ್ರೀಟು ತನ್ನ ಪೂರ್ಣ ಬಲಕ್ಕೆ ಬರಲು 28 ದಿನಗಳು ಬೇಕು. ಅದಕ್ಕೆ ಮೊದಲು ಗೋಪುರದ ಮೇಲೆ ಭಾರ ಹಾಕಬಾರದು. ಆದುದರಿಂದ ಬುಡದ ಕೆಲಸವನ್ನು ಮಳೆಗಾಲ ಪೂರ್ಣವಾಗಿ ಕಳೆದ ಮೇಲೆ ನವೆಂಬರಿನಲ್ಲಿ ಮುಗಿಸಿ, ಡಿಸೆಂಬರಿನ ಕೊನೆಯಲ್ಲಿ ಗೋಪುರವನ್ನೂ 14 ರ ಆಂಟೆನಾವನ್ನೂ ಏರಿಸಲಿ. ಉಳಿದ ಎರಡು ಜನವರಿಯಲ್ಲಿ. ಏಳರದರ ಮಾತನ್ನು, ಗೋಪುರವು ಒಂದು ಮಳೆಗಾಲದ ಗಾಳಿಯನ್ನು ತಡೆದು ನಿಂತ ತರುವಾಯ, ಮತ್ತೊಮ್ಮೆ ಕಾಗದ ಬರೆದು ಕೇಳಲಿ.